ಎರಿನಾಡಿನಲ್ಲಿ ನಿವೃತ್ತಿ: ಬೇಸಿಗೆ ಮೊದಲು, ಮನೆ ಆಮೇಲೆ

ಬೆಂಗಳೂರು, ಪುಣೆ, ಹೈದರಾಬಾದಿನಲ್ಲಿ ನೌಕರಿ ಮಾಡಿದ ಕಲಬುರಗಿ ಸೀಮೆಯವರಿಗೆ ಊರಲ್ಲೇ ಇದ್ದುಬಿಡೋಣ ಅನ್ನಿಸುವುದು ಬಹುತೇಕ ಎಳ್ಳಮಾಸಿ (ಎಳ್ಳು ಅಮಾವಾಸ್ಯೆ) ಹೊತ್ತಿಗೆ. ಹಿಂಗಾರಿ ಜೋಳ ಎದೆಮಟ್ಟ ನಿಂತಿರುತ್ತದೆ, ಬುತ್ತಿಯಲ್ಲಿ ಸಜ್ಜೆ ರೊಟ್ಟಿ, ಕಾಳು-ಸೊಪ್ಪಿನ ಭಜ್ಜಿ. ಅದೇ ಹೊಲಕ್ಕೆ ಮೇ ತಿಂಗಳ ಮಧ್ಯಾಹ್ನ ಹೋಗಿ ನೋಡಿ. ಬಿಸಿಲು 42 ಡಿಗ್ರಿ ದಾಟಿರುತ್ತದೆ, ಎರಿ, ಅಂದರೆ ಕಪ್ಪು ಮಣ್ಣಿನ ನೆಲ ಅಂಗೈ ತೂರುವಷ್ಟು ಬಿರಿದಿರುತ್ತದೆ.

ಆದ್ದರಿಂದ ಮೊದಲ ಕೆಲಸ, ಮಾರ್ಚ್‌ನಿಂದ ಜುಲೈವರೆಗೆ ಊರೊಳಗೆ ಬಾಡಿಗೆ ಮನೆ ಹಿಡಿದು ಗಂಡಹೆಂಡತಿ ಇಬ್ಬರೂ ಇದ್ದು ನೋಡುವುದು. ನಳಕ್ಕೆ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಮಳೆಗಾಳಿಗೆ ಕರೆಂಟ್ ಹೋದರೆ ಎಷ್ಟು ಹೊತ್ತಿಗೆ ಬರುತ್ತದೆ, ರಾತ್ರಿ 11ಕ್ಕೆ ತಾಲ್ಲೂಕು ಆಸ್ಪತ್ರೆ ಎಷ್ಟು ನಿಮಿಷದ ಹಾದಿ ಎಂಬುದನ್ನು ಬರೆದಿಡಿ. ಹೃದಯದ ತೊಂದರೆ ಇದ್ದವರು ಕಲಬುರಗಿಯ ಜಯದೇವ ಆಸ್ಪತ್ರೆಯಿಂದ ಒಂದು ಗಂಟೆಗಿಂತ ದೂರದ ಊರು ಆರಿಸದಿರುವುದು ಒಳ್ಳೆಯದು. ಒಂಟಿ ಹೊಲದ ಮನೆಗಿಂತ ಊರಂಚಿನ ಮನೆಯೇ ವಾಸಿ. ಎಪ್ಪತ್ತು ದಾಟಿದ ಮೇಲೆ ಕೂಗಿದರೆ ಕೇಳುವಷ್ಟು ಹತ್ತಿರ ಯಾರಾದರೂ ಇರಬೇಕು.

ಕಾಗದ

ಊರೊಳಗಿನ ಜಾಗವಾದರೆ ಇ-ಸ್ವತ್ತಿನ (ಪಂಚಾಯಿತಿಯ ಆನ್‌ಲೈನ್ ಆಸ್ತಿ ದಾಖಲೆ) ನಮೂನೆ 9 ಮತ್ತು 11ಎ ಕೇಳಿ. 11ಬಿ ಮಾತ್ರ ತೋರಿಸಿದರೆ ಯಾಕೆಂದು ವಿಚಾರಿಸದೆ ಮುಂಗಡ ಕೊಡಬೇಡಿ. ಹೊಲವಾದರೆ ಪಹಣಿ, ಮುಟೇಶನ್ (ಹಕ್ಕು ಬದಲಾವಣೆಯ ದಾಖಲೆ), ಕನಿಷ್ಠ 30 ವರ್ಷದ ಋಣಭಾರ ಪತ್ರ ಬೇಕು. ಭೂ ಸುಧಾರಣಾ ಕಾಯ್ದೆಗೆ 2020ರ ತಿದ್ದುಪಡಿ ಆದಮೇಲೆ ರೈತರಲ್ಲದವರೂ ಹೊಲ ಕೊಳ್ಳಬಹುದು. ಆದರೆ ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಪೂರ್ವಾನುಮತಿ ಇಲ್ಲದೆ ಕೊಂಡರೆ, 1978ರ ಕಾಯ್ದೆಯಡಿ ಕೈತಪ್ಪುತ್ತದೆ. ಅಪ್ಪನ ಹೊಲಕ್ಕೇ ಮರಳುವವರ ತೊಡಕು ಬೇರೆ. ಪಹಣಿ ಅಣ್ಣತಮ್ಮಂದಿರ ಹೆಸರಲ್ಲಿ ಜಂಟಿಯಾಗಿರುತ್ತದೆ. 11ಇ ನಕ್ಷೆ (ನಿಮ್ಮ ಪಾಲು ಗುರುತಿಸುವ ಸರ್ವೆ ನಕ್ಷೆ), ಪೋಡಿ (ಪಾಲನ್ನು ದಾಖಲೆಯಲ್ಲಿ ಬೇರೆ ಮಾಡುವುದು) ಮುಗಿಸಿಕೊಂಡ ಮೇಲೆ ಕಲ್ಲು ಇಳಿಸಿ. ಗೋಡೆ ಎದ್ದ ಮೇಲೆ ಬಾಂದು ಅಳೆದರೆ ಮನೆಯೂ ಒಡೆಯುತ್ತದೆ, ಮನಸ್ಸೂ ಒಡೆಯುತ್ತದೆ.

ಪಾಯ

ಕಲಬುರಗಿ, ಯಾದಗಿರಿಯ ಎರಿಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗುತ್ತದೆ. ಗೋಡೆ ಕಿಟಕಿಯ ಮೂಲೆಯಿಂದ ಓರೆಯಾಗಿ ಸೀಳುವುದು ಇದರಿಂದಲೇ, ಸಿಮೆಂಟ್ ಕಡಿಮೆಯಾಗಿ ಅಲ್ಲ. ಬೀದರಿನ ಕೆಂಪು ಜಂಬಿಟ್ಟಿಗೆ ನೆಲದಲ್ಲಿ ಈ ಕಾಟ ಕಡಿಮೆ. ಆದರೂ ತೆಗ್ಗು ತೋಡಿ ನೋಡದೆ ನಂಬಬಾರದು.

ಏಪ್ರಿಲ್‌ನಲ್ಲಿ ನೆಲದ ಬಿರುಕು ಅಗಲವಾಗಿದ್ದಾಗ ಜಾಗದ ಎರಡು ಮೂಲೆಯಲ್ಲಿ 8 ಅಡಿ ಆಳದ ತೆಗ್ಗು ತೆಗೆಸಿ. ಬಿರುಕು ಎಲ್ಲಿಯವರೆಗೆ ಇಳಿದಿದೆ, ಗರಸು (ಜಲ್ಲಿ ಬೆರೆತ ಗಟ್ಟಿ ಮಣ್ಣು) ಎಲ್ಲಿ ಸಿಗುತ್ತದೆ ಎಂಬುದು ಕಣ್ಣಿಗೇ ಕಾಣುತ್ತದೆ. 5–6 ಅಡಿಗೆ ಗಟ್ಟಿ ಗರಸು ಸಿಕ್ಕರೆ ಪಾಯ ಅದರ ಮೇಲೇ ಕೂರಬೇಕು. "ಮೂರಡಿ ಸಾಕ್ರೀ ಸಾಹೇಬ್ರ" ಎನ್ನುವ ಗೌಂಡಿ ಬೇರೆ ನೆಲದ ಲೆಕ್ಕ ಹೇಳುತ್ತಿದ್ದಾನೆ. ತೆಗ್ಗಿನ ತಳದವರೆಗೂ ಎರಿಯೇ ಇದ್ದರೆ ಮಾಮೂಲಿ ಕಲ್ಲಿನ ಪಾಯ ನಡೆಯುವುದಿಲ್ಲ. ಸುಮಾರು 12 ಅಡಿ ಇಳಿದು ತಳದಲ್ಲಿ ಬಲ್ಬಿನಂತೆ ಅಗಲವಾಗುವ ಕಾಂಕ್ರೀಟ್ ಕಂಬಗಳನ್ನು ಎಂಜಿನಿಯರ್ ಕೈಯಲ್ಲಿ ಲೆಕ್ಕ ಹಾಕಿಸಿ, ಮೇಲೆ ಬೀಮ್ ಹಾಕಬೇಕು. ಬೀಮಿನ ಕೆಳಗೆ ಮೂರು ಇಂಚಿಗಿಂತ ತುಸು ಹೆಚ್ಚು, ಅಂದರೆ 80 ಮಿ.ಮೀ. ಖಾಲಿ ಬಿಡಬೇಕು. ಅದನ್ನು ಮಣ್ಣಿನಿಂದ ಮುಚ್ಚಿಬಿಟ್ಟರೆ ಉಬ್ಬಿದ ಎರಿ ಬೀಮನ್ನೇ ಎತ್ತುತ್ತದೆ.

ಇನ್ನೊಂದು ತಪ್ಪು, ಪಾಯದಿಂದ ತೆಗೆದ ಎರಿಮಣ್ಣನ್ನೇ ಒಳಗೆ ತುಂಬಿ ಮೇಲೆ ಶಹಾಬಾದಿ ಫರ್ಸಿ ಕಲ್ಲು ಹಾಸುವುದು. ಎರಡು ಮಳೆಗಾಲಕ್ಕೆ ಫರ್ಸಿ ಮೇಲೆದ್ದು ಬಾಗಿಲು ತಾಗುತ್ತದೆ. ಒಳಗಿನ ಎರಿ 2–3 ಅಡಿ ತೆಗೆಸಿ, ಗರಸನ್ನು ಅರ್ಧರ್ಧ ಅಡಿ ಹಾಕಿ, ನೀರು ಹೊಡೆದು ದಮ್ಮಸ್ಸು ಮಾಡಿಸಿ. ಮನೆಯ ಸುತ್ತ 4–5 ಅಡಿ ಅಗಲ, ಹೊರಕ್ಕೆ ಇಳಿಜಾರಾಗಿ ಫರ್ಸಿ ಹಾಕಿ. ಬಚ್ಚಲ ನೀರು ಗೋಡೆ ಪಕ್ಕ ಇಂಗಬಾರದು. ಬೇವನ್ನು ಅದು ಎಷ್ಟು ಎತ್ತರ ಬೆಳೆಯುತ್ತದೋ ಅಷ್ಟು ದೂರ ನೆಡಿ.

ನೀರು

ಗ್ರಾಚ್ಯುಟಿ ಹಣ ಹೆಚ್ಚು ಸೋರುವುದು ಬೋರ್‌ವೆಲ್‌ನಲ್ಲಿ. ಒಂದು ಒಣಗಿತೆಂದು ಎರಡನೆಯದು, ಅದೂ ಸಾಲದೆಂದು ಮೂರನೆಯದು. ಅಕ್ಕಪಕ್ಕದ ಬೋರ್‌ಗಳನ್ನು ಮೇ ತಿಂಗಳಲ್ಲಿ ನೋಡಿ ತೀರ್ಮಾನಿಸಿ. ಸಿಕ್ಕ ನೀರನ್ನು ಕುಡಿಯುವ ಮೊದಲು ಫ್ಲೋರೈಡ್, ನೈಟ್ರೇಟ್ ಪರೀಕ್ಷೆ ಮಾಡಿಸಿ.

ಕುಡಿಯಲು ಮಾಳಿಗೆಯ ಮಳೆನೀರೇ ಭರವಸೆ. 1000 ಚದರ ಅಡಿ ಅಂದರೆ 93 ಚದರ ಮೀಟರ್. ಒಂದು ಮಿ.ಮೀ. ಮಳೆಗೆ ಚದರ ಮೀಟರಿಗೆ ಒಂದು ಲೀಟರ್. ವರ್ಷಕ್ಕೆ 700 ಮಿ.ಮೀ. ಹಿಡಿದು, ಐದರಲ್ಲೊಂದು ಪಾಲು ನಷ್ಟ ಕಳೆದರೂ 52 ಸಾವಿರ ಲೀಟರ್ ಬೀಳುತ್ತದೆ. ಇಬ್ಬರ ಕುಡಿಯುವ, ಅಡುಗೆಯ ನೀರು ದಿನಕ್ಕೆ 15 ಲೀಟರಿನಂತೆ ಒಂಬತ್ತು ತಿಂಗಳಿಗೆ 4 ಸಾವಿರ ಲೀಟರ್ ಸಾಕು. ಬಂದುಹೋಗುವ ನೆಂಟರನ್ನೂ ಸೇರಿಸಿ 10 ಸಾವಿರ ಲೀಟರ್ ಇಡಿ. ನೆಲದೊಳಗಿನ ಸಂಪು ಎರಿಯಲ್ಲಿ ಸೀಳುತ್ತದೆ. ಗರಸಿನ ಕಟ್ಟೆಯ ಮೇಲೆ, ನೆರಳಲ್ಲಿ, ಕಪ್ಪು ಬಣ್ಣದ 5 ಸಾವಿರ ಲೀಟರಿನ ಎರಡು ಟಾಕಿ ಇಡಿ. ಮೊದಲ ಮಳೆಯ ಧೂಳು, ಹಿಕ್ಕೆ ತಡೆಯಲು ಪೈಪಿಗೆ 200 ಲೀಟರಿನ ಡ್ರಮ್ ಜೋಡಿಸಿ, ಅದು ತುಂಬಿದ ಮೇಲಿನ ನೀರು ಮಾತ್ರ ಟಾಕಿಗೆ ಹೋಗಲಿ.

ಹೊಲ, ಹಣ, ದಿನಚರಿ

ತೊಗರಿ ಪೂರ್ತಿ ತಾವೇ ಮಾಡುತ್ತೇವೆಂಬ ಹುಮ್ಮಸ್ಸು ಮೊದಲ ವರ್ಷ ಬೇಡ. ಪಾಲಿಗೆ ಕೊಡುವುದಾದರೆ ಬೀಜ, ಗೊಬ್ಬರ, ಔಷಧಿ, ರಾಶಿ (ಒಕ್ಕಣೆ) ಖರ್ಚು ಯಾರದೆಂದು ಬಿತ್ತುವ ಮೊದಲೇ ಮಾತಾಡಿ. ನಿಮಗಾಗಿ ಒಂದು ಗುಂಟೆ, ಅಂದರೆ 33 ಅಡಿ ಉದ್ದಗಲ ಇಟ್ಟುಕೊಂಡರೆ ಇಬ್ಬರ ಕೈಗೆ ಸಾಕಷ್ಟು ಕೆಲಸ.

ಹಿರಿಯ ನಾಗರಿಕರ ಉಳಿತಾಯ ಯೋಜನೆ ಅಂಚೆ ಕಚೇರಿಯಲ್ಲೂ ಇದೆ. ಒಬ್ಬರಿಗೆ 30 ಲಕ್ಷದವರೆಗೆ, 5 ವರ್ಷ, ಬಡ್ಡಿ ಮೂರು ತಿಂಗಳಿಗೊಮ್ಮೆ. ಊರಿನ ಖರ್ಚೂ ಹಂಗಾಮಿನ ಲೆಕ್ಕದಲ್ಲೇ ಬರುವುದರಿಂದ ಇದು ಹೊಂದುತ್ತದೆ. ಪಿಂಚಣಿದಾರರು ನವೆಂಬರ್‌ನ ಜೀವನ ಪ್ರಮಾಣ ಪತ್ರ ಮರೆಯಬಾರದು.

ಬೇಸಿಗೆಯಲ್ಲಿ ಹೊರಗಿನ ಕೆಲಸ ಬೆಳಗ್ಗೆ 9ರೊಳಗೆ ಮುಗಿಯಬೇಕು. ಬಿ.ಪಿ. ಮಾತ್ರೆ ನುಂಗುವವರು ಮಾರ್ಚ್‌ನಲ್ಲೇ ಡಾಕ್ಟರರನ್ನು ಕೇಳಿ. ಕೆಲವು ಮಾತ್ರೆ ಮೈನೀರು ಹೊರಹಾಕುತ್ತವೆ. ಕತ್ತಲಲ್ಲಿ ಬ್ಯಾಟರಿ, ಬೂಟು ಇಲ್ಲದೆ ಬದುವಿಗೆ ಹೋಗಬೇಡಿ, ಕೊಳಕುಮಂಡಲ ಹಾವು ಸರಿದು ಹೋಗದೆ ಬಿದ್ದುಕೊಂಡೇ ಇರುತ್ತದೆ. ಕಚ್ಚಿದರೆ ಬಿಗಿದು ಕಟ್ಟುವುದು, ಕೊಯ್ಯುವುದು ಬೇಡ. ಕಾಲು ಅಲುಗಿಸದೆ 108ರಲ್ಲಿ ಆಸ್ಪತ್ರೆ ಸೇರಿ.

ಗುಂಟೆಯಲ್ಲಿ ಪುಂಡಿ ಸೊಪ್ಪು, ನುಗ್ಗೆ, ಕರಿಬೇವು, ಒಂದು ನಿಂಬೆ ಇರಲಿ. ಎಳ್ಳಮಾಸಿ ಭಜ್ಜಿಗೆ ಮನೆಯದೇ ಮೆಂತೆ ಬೇಕಿದ್ದರೆ ಅಮಾವಾಸ್ಯೆಗೆ ಐದು ವಾರ ಮೊದಲು ಬೀಜ ಚೆಲ್ಲಿ, ತೆಳ್ಳಗೆ ಮಣ್ಣು ಮುಚ್ಚಿ. ನೀರು ನಿಂತರೆ ಎರಿಯಲ್ಲಿ ಬೇರು ಕೊಳೆಯುತ್ತದೆ, ಅದಕ್ಕೆ ಮಡಿ ನೆಲಕ್ಕಿಂತ ನಾಲ್ಕು ಬೆರಳು ಎತ್ತರ ಇರಬೇಕು.