ಹಳೇ ಕೊಟ್ಟಿಗೆಯ ಪಕ್ಕಕ್ಕೆ ಶೀಟು ಇಳಿಸುವ ಮುನ್ನ

ಆನೇಕಲ್, ಹೊಸಕೋಟೆ, ಹೆಸರಘಟ್ಟದ ಕಡೆ ಕೊಟ್ಟಿಗೆ ಇರುವ ಮನೆಗಳಲ್ಲಿ ಒಂದಲ್ಲ ಒಂದು ದಿನ ಈ ಮಾತು ಬರುತ್ತದೆ: ಹುಲ್ಲು ಒಟ್ಟಲು ಜಾಗ ಸಾಲದು, ಪಕ್ಕಕ್ಕೆ ಒಂದು ಶೀಟು ಇಳಿಸಿಬಿಡೋಣ. ವೆಲ್ಡಿಂಗ್‌ನವರು ಬಂದು ಅಳತೆ ತೆಗೆದು ಹೊಸ ಪೈಪಿನ ಲೆಕ್ಕ ಕೊಟ್ಟು ಹೋಗುತ್ತಾರೆ. ಹಳೇ ಕಂಬದ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಹೊಸ ಮಾಡಿನ ಅರ್ಧ ಭಾರ ಹೊರಬೇಕಾದ್ದು ಅದೇ ಕಂಬ.

ಹಾಗಾಗಿ ಮೊದಲು ಅದರ ಬುಡ ನೋಡಿ. ನೀಲಗಿರಿ ಕಂಬವಾದರೆ ಸುತ್ತಲ ಮಣ್ಣನ್ನು ಅರ್ಧ ಅಡಿ ಕೆದಕಿ, ಸ್ಕ್ರೂಡ್ರೈವರ್‌ನಿಂದ ನಾಲ್ಕೂ ಕಡೆ ಒತ್ತಿ ಚುಚ್ಚಿ. ಮರ ಕೊಳೆಯುವುದು ತೇವ, ಗಾಳಿ ಎರಡೂ ಸಿಗುವ ನೆಲಮಟ್ಟದಲ್ಲಿ. ಮೇಲೆ ಗಟ್ಟಿಯಾಗಿ ಕಂಡರೂ ಅಲ್ಲಿ ಒಳಗೆಲ್ಲ ಪುಡಿಯಾಗಿರುತ್ತದೆ. ಮೊನೆ ಮೆತ್ತಗೆ ಇಳಿದುಹೋದರೆ ಆ ಕಂಬವನ್ನು ನಂಬಬೇಡಿ. ದಾರಕ್ಕೆ ತೂಕದ ಗುಂಡು ಕಟ್ಟಿ ಇಳಿಬಿಟ್ಟು ಕಂಬ ನೇರ ಇದೆಯೇ ಎಂದೂ ನೋಡಿ. ಅನುಮಾನ ಬಂದರೆ ಹಳೇ ಸಾಲಿನ ಪಕ್ಕದಲ್ಲೇ ಹೊಸ ಕಂಬದ ಸಾಲು ನಿಲ್ಲಿಸಿ, ಹೊಸ ಮಾಡು ತನ್ನ ಕಾಲ ಮೇಲೇ ನಿಲ್ಲಲಿ. ಖರ್ಚು ಸ್ವಲ್ಪ ಹೆಚ್ಚಾಗುತ್ತದೆ, ಆದರೆ ಇದರಲ್ಲಿ ಉಳಿಸಲು ಹೋಗಬೇಡಿ.

ಕಂಬ ಗಟ್ಟಿಯಿದ್ದರೆ ಹೊಸ ಮಾಡನ್ನು ಈ ಕಡೆ ಹೊರುವ ಅಡ್ಡತೊಲೆಯನ್ನು ಅದಕ್ಕೇ ಕಟ್ಟಬೇಕು. ಹಳೇ ಶೀಟಿಗಾಗಲಿ, ಅದರ ಪರ್ಲಿನ್‌ಗಾಗಲಿ (ಶೀಟಿನ ಕೆಳಗೆ ಅಡ್ಡ ಹಾಕುವ ಪಟ್ಟಿ) ಕಟ್ಟಬಾರದು. ಮರದ ಕಂಬಕ್ಕೆ 12 ಎಂಎಂ ಬೋಲ್ಟ್ ಎರಡೆರಡು, ಆರಪಾರ ತೂರಿಸಿ, ಎರಡೂ ಕಡೆ ಅಗಲ ವಾಷರ್ ಇಟ್ಟು ಬಿಗಿಯಿರಿ. ಮೊಳೆ ಗಾಳಿಗೆ ಸಡಿಲವಾಗುತ್ತದೆ. ನಮ್ಮ ಕಡೆ ಕಲ್ಲುಕಂಬಗಳೂ ಹೆಚ್ಚು. ಅದರ ಅಂಚಿನ ಹತ್ತಿರ ತೂತು ಕೊರೆದು ಆ್ಯಂಕರ್ ಬೋಲ್ಟ್ ಬಿಗಿದರೆ ಕಲ್ಲು ಸೀಳುತ್ತದೆ. ಕಂಬವನ್ನು ಸುತ್ತುವರಿಯುವ ಕಬ್ಬಿಣದ ಪಟ್ಟಿಯ ಕ್ಲಾಂಪ್ ಮಾಡಿಸಿ ಅದಕ್ಕೆ ತೊಲೆ ಕೂರಿಸಿ.

ಅಳತೆಗೆ ಬರೋಣ. 30 ಅಡಿ ಉದ್ದ, 12 ಅಡಿ ಅಗಲ ಇಳಿಸುತ್ತೀರಿ ಎಂದುಕೊಳ್ಳಿ. 12 ಅಡಿಗೆ 2 ಅಡಿ ವಾಟ ಕೊಡಿ. ತೊಲೆಯ ಹತ್ತಿರ ಒಂಬತ್ತೂವರೆ ಅಡಿ ಇದ್ದರೆ ಹೊರಗಡೆ ಏಳೂವರೆ ಸಿಗುತ್ತದೆ, ತಲೆ ತಗಲುವುದಿಲ್ಲ. ಹಳೇ ಸೂರು ತಗ್ಗಿದ್ದರೆ ಅಗಲ ಕಡಿಮೆ ಮಾಡಿಕೊಳ್ಳಿ, ವಾಟ ಕಡಿಮೆ ಮಾಡಬೇಡಿ. ನೀರು ನಿಧಾನವಾದಷ್ಟೂ ಜೋಡಣೆಯಲ್ಲಿ ಒಳಗೆ ನುಗ್ಗುತ್ತದೆ. ಅಡ್ಡತೊಲೆಗೂ ಹೊರಗಿನ ಕಂಬಗಳ ಮೇಲಿನ ಹೊರತೊಲೆಗೂ 100×50 ಎಂಎಂ ಬಾಕ್ಸ್ ಪೈಪ್, ಈ ಎರಡು ತೊಲೆಗಳ ನಡುವೆ ಇಳಿಜಾರಾಗಿ ಬರುವ ರಾಫ್ಟರ್‌ಗೆ 5 ಅಡಿಗೊಂದರಂತೆ 80×40, ಎಲ್ಲವೂ 3 ಎಂಎಂ ದಪ್ಪ. ಅದರ ಮೇಲೆ 4 ಅಡಿಗೊಂದು ಪರ್ಲಿನ್, 40×40, 2 ಎಂಎಂ.

ಹೊರಗಿನ ಕಂಬಗಳು 10 ಅಡಿ ಅಂತರದಲ್ಲಿ ನಾಲ್ಕು. ಗುಂಡಿ ಒಂದೂವರೆ ಅಡಿ ಚೌಕ, 3 ಅಡಿ ಆಳ, ಪೂರ್ತಿ ಕಾಂಕ್ರೀಟ್. ಇಷ್ಟು ಯಾಕೆ ಎಂದು ಮೇಸ್ತ್ರಿ ಕೇಳಿದರೆ ಲೆಕ್ಕ ಹೇಳಿ. ಬೆಂಗಳೂರಿಗೆ ಕಟ್ಟಡದ ಲೆಕ್ಕದಲ್ಲಿ ಹಿಡಿಯುವ ಗಾಳಿಯ ವೇಗ ಸೆಕೆಂಡಿಗೆ 33 ಮೀಟರ್. ತೆರೆದ ಮಾಡಿನ ಕೆಳಗೆ ಆ ಗಾಳಿ ಹೊಕ್ಕರೆ ಚದರ ಅಡಿಗೆ ಸುಮಾರು 6 ಕಿಲೋದಂತೆ ಮೇಲಕ್ಕೆತ್ತುತ್ತದೆ. ಒಂದು ಕಂಬದ ಪಾಲಿಗೆ 60 ಚದರ ಅಡಿ, ಅಂದರೆ 360 ಕಿಲೋ. ಆ ಗುಂಡಿಯ ಕಾಂಕ್ರೀಟ್ ತೂಗುವುದು ಸುಮಾರು 450 ಕಿಲೋ. ಏಪ್ರಿಲ್–ಮೇ ತಿಂಗಳ ಆಲಿಕಲ್ಲು ಮಳೆಯಲ್ಲಿ ಶೀಟು ಹಾರುವುದು ಗಾಳಿ ಮೇಲಿಂದ ಒತ್ತಿ ಅಲ್ಲ, ಕೆಳಗಿಂದ ಎತ್ತಿ. ತುಂಬಿದ ಮಣ್ಣು, ಕೆರೆಯಂಗಳದ ಮಣ್ಣಾದರೆ ಗಟ್ಟಿ ನೆಲ ಸಿಗುವವರೆಗೆ ಇನ್ನೂ ಅಗೆಯಿರಿ. ಕಂಬದ ಪೈಪನ್ನು ನೆಲಕ್ಕೆ ಹೂಳಬೇಡಿ. ನೆಲದಿಂದ 9 ಇಂಚು ಮೇಲೆ ಬರುವಂತೆ ಕಾಂಕ್ರೀಟ್ ಪೀಠ ಎಬ್ಬಿಸಿ ಬೇಸ್ ಪ್ಲೇಟ್ ಮೇಲೆ ನಿಲ್ಲಿಸಿ. ಗಂಜಲ ತಾಗಿದ ಕಬ್ಬಿಣ ಬುಡದಲ್ಲೇ ತಿಂದುಹೋಗುತ್ತದೆ.

ಶೀಟು 13 ಅಡಿ ಉದ್ದದ್ದು, ನಡುವೆ ತುಂಡಿಲ್ಲದೆ, ಹಳೇ ಸೂರಿನ ಕೆಳಗೆ ಕನಿಷ್ಠ 9 ಇಂಚು ಒಳಗೆ ಹೋಗಬೇಕು. ಹಳೇ ಶೀಟಿಗೂ ಹೊಸದಕ್ಕೂ 3–4 ಇಂಚು ಸಂದು ಬಿಡಿ, ಇಲ್ಲದಿದ್ದರೆ ತರಗೆಲೆ ಸಿಕ್ಕಿಕೊಂಡು ನೀರು ಹಿಂದಕ್ಕೆ ಹರಿಯುತ್ತದೆ. ಮುಂಗಾರಿನ ಗಾಳಿ ಪಶ್ಚಿಮದಿಂದ ಬೀಸುವುದರಿಂದ ಶೀಟನ್ನು ಪೂರ್ವದ ತುದಿಯಿಂದ ಹಾಸುತ್ತ ಬನ್ನಿ. ಆಗ ಶೀಟಿನ ಮೇಲೆ ಶೀಟು ಬರುವ ಹೊದಿಕೆಯ ಬಾಯಿ ಗಾಳಿಗೆ ಎದುರಾಗುವುದಿಲ್ಲ. ಸ್ಕ್ರೂ ಶೀಟಿನ ಉಬ್ಬಿನ ಮೇಲೆ ಬರಲಿ. ಅಂಚಿನ ಪರ್ಲಿನ್‌ಗಳಲ್ಲಿ ಪ್ರತಿ ಉಬ್ಬಿಗೂ, ನಡುವೆ ಒಂದು ಬಿಟ್ಟು ಒಂದಕ್ಕೆ. ರಬ್ಬರ್ ವಾಷರ್ ಕೂತು ಅಂಚಿನಲ್ಲಿ ಸ್ವಲ್ಪ ಉಬ್ಬಿದೊಡನೆ ಡ್ರಿಲ್ ನಿಲ್ಲಿಸಿ. ಹಿಂಡಿ ಹೊರಗೆ ಬಂದ ರಬ್ಬರ್ ಬಿಸಿಲಿಗೆ ಬಿರಿಯುತ್ತದೆ. ಸಂಜೆ ಇಳಿಯುವ ಮುನ್ನ ಕಬ್ಬಿಣದ ಚೂರುಗಳನ್ನೆಲ್ಲ ಮೆತ್ತನೆ ಪೊರಕೆಯಲ್ಲಿ ಗುಡಿಸಿ. ಒಂದು ಮಳೆ ಬಿದ್ದರೆ ಸಾಕು, ಹೊಸ ಶೀಟಿನ ಮೇಲೆ ಅವೇ ಕಂದು ಚುಕ್ಕೆಯಾಗಿ ತುಕ್ಕು ಹಿಡಿಸುತ್ತವೆ.

ಇನ್ನು ಸೂರಿನಂಚಿನಲ್ಲಿ ನೀರು ಹಿಡಿಯುವ ದೋಣಿ. ಹಳೇ ಮಾಡಿನ ನೀರೂ ಈಗ ಹೊಸದರ ಮೇಲೇ ಬೀಳುತ್ತದೆ, ಅದನ್ನು ಮರೆತು ಚಿಕ್ಕ ದೋಣಿ ಹಾಕಿಸುತ್ತಾರೆ. 30 ಅಡಿ ಉದ್ದಕ್ಕೆ ಹಳೇದರಲ್ಲಿ 10 ಅಡಿ, ಹೊಸದರಲ್ಲಿ 12 ಅಡಿ ಅಗಲ ಸೇರಿದರೆ ಒಂದು ಇಂಚು ಮಳೆಗೆ ಸುಮಾರು 1500 ಲೀಟರ್ ನೀರು. ಬೆಂಗಳೂರಿನ ಸೆಪ್ಟೆಂಬರ್ ಮಳೆ ಅಷ್ಟನ್ನು ಒಂದೇ ಹೊತ್ತಿಗೆ ಸುರಿದುಬಿಡುತ್ತದೆ. 6 ಇಂಚಿನ ದೋಣಿ, 10 ಅಡಿಗೆ ಒಂದು ಇಂಚು ವಾಟ, ಎರಡೂ ತುದಿಗೆ 4 ಇಂಚಿನ ಪೈಪು ಇರಲಿ, ವಾಟ ನಡುವಿಂದ ಎರಡೂ ಕಡೆಗೆ. ಆ ಪೈಪಿನ ಬಾಯಿ ಹೊಸ ಕಂಬದ ಬುಡಕ್ಕೆ ಬಿಡಬೇಡಿ. ದೂರಕ್ಕೆ ಒಯ್ದು ತೊಟ್ಟಿಗೋ ಇಂಗುಗುಂಡಿಗೋ ಸೇರಿಸಿ.