ಆರು ವಾರ ಕಾಲೂರದೆ

ಮಂಡಿಯ ಆಪರೇಷನ್ ಒಂದು ಗಂಟೆಯೊಳಗೆ ಮುಗಿಯಿತು. ನಿಜವಾದ ಕೆಲಸ ಶುರುವಾಗಿದ್ದು ಮೂಡಿಗೆರೆ ಹತ್ತಿರದ ನಮ್ಮ ಮನೆಗೆ ಬಂದ ಮೇಲೆ.

ಜೂನ್ ಮಳೆಯಲ್ಲಿ ತೋಟದ ಇಳಿಜಾರಲ್ಲಿ ಜಾರಿ ಬಿದ್ದಿದ್ದೆ. ಎಣ್ಣೆ ತಿಕ್ಕಿಕೊಂಡು ಸುಮ್ನೆ ಒಂದು ತಿಂಗಳು ಕಳೆದೆ. ಎಂಆರ್‌ಐ ಮಾಡಿಸಿದರೆ, ಮಂಡಿಯೊಳಗೆ ತೊಡೆ ಮೂಳೆಯ ತುದಿಯಲ್ಲಿ ಉಗುರಗಲ ಕಾರ್ಟಿಲೇಜ್, ಅಂದರೆ ಮೂಳೆಯ ತುದಿ ಮುಚ್ಚುವ ನುಣುಪಾದ ಪದರ, ಕಿತ್ತುಹೋಗಿತ್ತು. ಮೂಳೆ ಮುರಿದರೂ ಕೂಡುತ್ತೆ, ಇದ್ಯಾಕೆ ಕೂಡಲ್ಲ ಅಂತ ಕೇಳಿದೆ. "ಅದಕ್ಕೆ ರಕ್ತನಾಳವೇ ಇಲ್ಲ ಕಣ್ರೀ" ಅಂದರು ಡಾಕ್ಟರು.

ನನಗೆ ಮಾಡಿದ್ದು ಮೈಕ್ರೋಫ್ರಾಕ್ಚರ್. ಸಣ್ಣ ತೂತಿನಿಂದ ಕ್ಯಾಮೆರಾ ಬಿಟ್ಟು, ಸಡಿಲವಾದದ್ದನ್ನು ಕೆರೆದು, ಕೆಳಗಿನ ಮೂಳೆಗೆ 3-4 ಮಿಲಿಮೀಟರಿಗೊಂದು ತೂತು ಚುಚ್ಚುತ್ತಾರೆ. ಮಜ್ಜೆಯ ರಕ್ತ ಒಸರಿ ಹೆಪ್ಪುಗಟ್ಟಿ, ಅಲ್ಲೇ ಹೊಸ ಪದರ ಬೆಳೆಯುತ್ತದೆ. ಹಳೆಯದರಷ್ಟು ಗಟ್ಟಿ ಅಲ್ಲ. ಗಾಯ ದೊಡ್ಡದಿದ್ದರೆ ನಮ್ಮದೇ ಕೋಶ ತೆಗೆದು ಲ್ಯಾಬಿನಲ್ಲಿ ಬೆಳೆಸಿ ಹಾಕುತ್ತಾರಂತೆ. ನನಗೆ ಅದು ಬೇಕಾಗಲಿಲ್ಲ.

ಹೊಸದಾಗಿ ನೆಟ್ಟ ಕಾಫಿ ಸಸಿಯನ್ನು ತುಳಿದರೆ ಉಳಿಯುತ್ತಾ? ಅದಕ್ಕೇ ಆರು ವಾರ ಆ ಕಾಲಿಗೆ ಭಾರ ಬೀಳಬಾರದು. ಹಾಗಂತ ಅಲ್ಲಾಡಿಸದೆ ಬಿಡುವಂತೆಯೂ ಇಲ್ಲ. ಮಂಡಿ ಮಡಚಿ ಬಿಡಿಸುವ ಮೆಷಿನ್ ಬಾಡಿಗೆಗೆ ತಂದೆವು, ದಿನಕ್ಕೆ ಆರು ಗಂಟೆ. ಆಗಸ್ಟ್ ತಿಂಗಳಲ್ಲಿ ಮಲೆನಾಡಿನ ಕರೆಂಟ್ ನಂಬಿ! ಹೋದಾಗೆಲ್ಲ ಕುರ್ಚಿಯಲ್ಲಿ ಕೂತು, ಸಾಕ್ಸ್ ಹಾಕಿದ ಹಿಮ್ಮಡಿಯನ್ನು ಕೆಂಪು ಗಾರೆ ನೆಲದ ಮೇಲೆ ಹಿಂದೆ ಮುಂದೆ ಜಾರಿಸುತ್ತಿದ್ದೆ. ಅದೇ ನೆಲ ಊರುಗೋಲಿಗೆ ಮಾತ್ರ ಶತ್ರು. ರಬ್ಬರ್ ತುದಿ ಒದ್ದೆಯಾದರೆ ಮುಗೀತು. ಬಾಗಿಲಲ್ಲಿ ಗೋಣಿಚೀಲ, ಕೈಗೆ ಒಂದು ಒಣಬಟ್ಟೆ. ಕಕ್ಕಸಿಗೆ ಕಮೋಡ್ ಕುರ್ಚಿ ಮೊದಲೇ ತಂದಿಟ್ಟಿದ್ದು ನನ್ನ ಹೆಂಡತಿಯ ಬುದ್ಧಿ.

ನಾಲ್ಕನೇ ವಾರ ನೋವೇ ಇರಲಿಲ್ಲ. ಕಾಲೂರಿ ಅಡುಗೆಮನೆಗೆ ಹೋಗಿ ಬಂದೆ. ರಾತ್ರಿ ಮಂಡಿ ಊದಿತು. ಫಿಸಿಯೋ ಹುಡುಗಿ ಬೈದಳು: "ನೋವಿಲ್ಲ ಅಂದ್ರೆ ವಾಸಿ ಆಯ್ತು ಅಂತಲ್ಲ ಅಂಕಲ್. ಕಾರ್ಟಿಲೇಜಿಗೆ ನರವೂ ಇಲ್ಲ." ಅಲ್ಲಿಂದ ಮುಂದೆ ಕ್ಯಾಲೆಂಡರ್ ನೋಡಿಯೇ ನಡೆದೆ.

ಅಷ್ಟರಲ್ಲಿ ತೊಡೆ ಸೊರಗಿತ್ತು. ಅದನ್ನು ತುಂಬಿಸೋಕೆ ಮಂಡಿಗಿಂತ ಜಾಸ್ತಿ ದಿನ ಹಿಡಿಯಿತು. ಕುಯ್ಲಿನ ಕಾಲವೆಲ್ಲ ಕಣದಲ್ಲಿ ಕುರ್ಚಿ ಹಾಕಿ ಹಣ್ಣು ತೂಗಿಸಿದೆ. ಏಪ್ರಿಲ್‌ನಲ್ಲಿ, ಹೂಮಳೆ ಆದ ಮೇಲೆ, ಅದೇ ಇಳಿಜಾರಿಗೆ ಹೋದೆ. ಹತ್ತುವಾಗ ಏನೂ ಅನಿಸಲಿಲ್ಲ. ಇಳಿಯುವಾಗ ಕೋಲು ಬೇಕಾಯಿತು. ಕುಕ್ಕರಗಾಲಲ್ಲಿ ಕೂರುವುದನ್ನು ಇನ್ನೂ ಪ್ರಯತ್ನಿಸಿಲ್ಲ.