ಬಿಪಿ ಇರುವವರ ಮನೆಯಲ್ಲಿ ಉಪ್ಪು ಇಳಿಸುವುದು ಹೇಗೆ?

‘ಉಪ್ಪು ಕಮ್ಮಿ ಮಾಡಿ’ ಅಂತ ಡಾಕ್ಟರು ಹೇಳಿ ಕಳಿಸುತ್ತಾರೆ. ಎಷ್ಟು ಕಮ್ಮಿ? ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ. ಅಂದರೆ ತಲೆಗೆ ಒಂದು ಟೀ ಚಮಚವೂ ಪೂರ್ತಿ ಇಲ್ಲ. ಉಪ್ಪಿನಕಾಯಿ, ಬೇಕರಿ ತಿಂಡಿ ಎಲ್ಲ ಅದರಲ್ಲೇ ಬಂತು.

ಮೊದಲು ಅಳತೆ ಶುರು ಮಾಡಿ. ಇಡೀ ಮನೆಯ ಆ ದಿನದ ಉಪ್ಪನ್ನು ಬೆಳಿಗ್ಗೆಯೇ ಒಂದು ಬಟ್ಟಲಿಗೆ ತೆಗೆದಿಡಿ. ಚಟ್ನಿ, ಪಲ್ಯ, ಸಾರು ಎಲ್ಲಕ್ಕೂ ಅದರಿಂದಲೇ ಹಾಕಿ. ಎಲ್ಲಿ ಜಾಸ್ತಿ ಬೀಳುತ್ತಿದೆ ಅನ್ನುವುದು ಎರಡೇ ದಿನದಲ್ಲಿ ಗೊತ್ತಾಗುತ್ತದೆ. ಆಮೇಲೆ ವಾರ ವಾರಕ್ಕೆ ಸ್ವಲ್ಪ ಸ್ವಲ್ಪ ಇಳಿಸುತ್ತಾ ಬನ್ನಿ. ನಾಲ್ವರು ದೊಡ್ಡವರಿದ್ದರೆ ಮೂರು ಟೀ ಚಮಚಕ್ಕೆ ಬಂದು ನಿಲ್ಲಲಿ. ಕೆಲವು ವಾರಗಳಲ್ಲಿ ನಾಲಿಗೆ ಒಗ್ಗಿಕೊಳ್ಳುತ್ತದೆ.

ದಯವಿಟ್ಟು ಬಿಪಿ ಇರುವವರಿಗೆ ಮಾತ್ರ ಬೇರೆ ಅಡುಗೆ ಮಾಡಬೇಡಿ. ಎಲ್ಲರೂ ರುಚಿರುಚಿಯಾಗಿ ಉಣ್ಣುವಾಗ ಒಬ್ಬರ ತಟ್ಟೆಗೆ ಸಪ್ಪೆ ಬಡಿಸಿದರೆ ಮನಸ್ಸಿಗೆ ಹಿಂಸೆ ಅಲ್ವಾ? ಕಡಿಮೆ ಉಪ್ಪು ಮನೆಮಂದಿಗೆಲ್ಲ ಒಳ್ಳೆಯದೇ.

ಸಾರು ಮಾಡುವಾಗ ಬೇಳೆ ಬೇಯಿಸುವ ನೀರಿಗೆ ಉಪ್ಪು ಹಾಕಬೇಡಿ. ಹುಣಸೆರಸ, ಸಾರಿನ ಪುಡಿ ಹಾಕಿ ಚೆನ್ನಾಗಿ ಕುದಿಸಿ, ಒಲೆಯಿಂದ ಇಳಿಸುವ ಮುಂಚೆ ಅಳೆದು ಹಾಕಿ. ಒಗ್ಗರಣೆಗೆ ಜಜ್ಜಿದ ಬೆಳ್ಳುಳ್ಳಿ, ಜೀರಿಗೆ, ಕರಿಬೇವು ಧಾರಾಳವಾಗಿರಲಿ. ಬಡಿಸುವಾಗ ನಾಲ್ಕು ಹನಿ ನಿಂಬೆರಸ ಹಿಂಡಿ. ಹುಳಿ, ಘಮ ಮುಂದಿದ್ದರೆ ಉಪ್ಪು ಕಮ್ಮಿಯಾದದ್ದು ಅಷ್ಟಾಗಿ ತಿಳಿಯುವುದಿಲ್ಲ. ಮಜ್ಜಿಗೆಗೆ ಉಪ್ಪಿನ ಬದಲು ಶುಂಠಿ, ಕೊತ್ತಂಬರಿ ಸೊಪ್ಪು ಸಾಕು. ಚಪಾತಿ ಹಿಟ್ಟಿಗೂ ಉಪ್ಪು ಬೇಡ.

ಹಪ್ಪಳ, ಸಂಡಿಗೆ, ಮಜ್ಜಿಗೆ ಮೆಣಸಿನಕಾಯಿ, ಒಣಮೀನು ಅಪರೂಪಕ್ಕಿರಲಿ. ಉಪ್ಪಿನಲ್ಲಿ ಬಿಪಿ ಏರಿಸುವ ಅಂಶವೇ ಸೋಡಿಯಂ. ಅದು ಅಡುಗೆ ಸೋಡಾದಲ್ಲೂ ಇದೆ. ಪ್ಯಾಕೆಟ್ ತಿಂಡಿ ಕೊಳ್ಳುವಾಗ ಹಿಂದೆ ತಿರುಗಿಸಿ ಸೋಡಿಯಂ ಎಷ್ಟು ನೋಡಿ. 400 ಮಿಲಿಗ್ರಾಂ ಸೋಡಿಯಂ ಇದ್ದರೆ ಸುಮಾರು 1 ಗ್ರಾಂ ಉಪ್ಪು ತಿಂದ ಹಾಗೆ. ಅಲ್ಲಿರುವ ಲೆಕ್ಕ ಇಡೀ ಪ್ಯಾಕೆಟ್ಟಿಗೋ 100 ಗ್ರಾಂಗೋ ಅನ್ನುವುದನ್ನೂ ಗಮನಿಸಿ.

ಸೈಂಧವ ಲವಣ ತಂದರೆ ಎಷ್ಟು ಬೇಕಾದರೂ ಹಾಕಬಹುದು ಅಂತ ತುಂಬಾ ಜನ ನಂಬಿದ್ದಾರೆ. ಅದರಲ್ಲೂ ಹೆಚ್ಚುಕಮ್ಮಿ ಅಷ್ಟೇ ಸೋಡಿಯಂ ಇರುತ್ತದೆ. ಸುಮ್ನೆ ದುಡ್ಡು ದಂಡ. ‘ಲೋ ಸೋಡಿಯಂ’ ಉಪ್ಪಿನ ವಿಷಯದಲ್ಲಂತೂ ಹುಷಾರಾಗಿರಿ. ಅದರಲ್ಲಿ ಸಾಮಾನ್ಯವಾಗಿ ಪೊಟ್ಯಾಸಿಯಂ ಸೇರಿಸಿರುತ್ತಾರೆ. ಕಿಡ್ನಿ ತೊಂದರೆ ಇರುವವರಿಗೆ, ಕೆಲವು ಬಿಪಿ ಮಾತ್ರೆ ನುಂಗುವವರಿಗೆ ಅದು ಅಪಾಯ ತರಬಹುದು. ಡಾಕ್ಟರನ್ನು ಕೇಳದೆ ತರಬೇಡಿ. ಉಪ್ಪು ಇಳಿಸಿದ್ದೇವೆ ಅಂತ ನೀವೇ ಮಾತ್ರೆ ನಿಲ್ಲಿಸುವುದೂ ಬೇಡ.